ಲಂಡನ್ ಹುಡುಗರಿಗೆ ಮಿಸಿಸಿಪ್ಪಿಯ ಹಾಡು ಯಾಕೆ ಅಷ್ಟೊಂದು ನಾಟಿತು?

ಅರಮನೆ ಮೈದಾನ:
2003ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೆ ಬಂದಿದ್ದರಲ್ಲ, ಆಗ ಗುಂಪಿನಲ್ಲಿ ನಿಂತು ಕೇಳಿದವನು ನಾನು. ಅವತ್ತಿನಿಂದ ಅವರ ಹಾಡು ಬಿಟ್ಟಿಲ್ಲ. ಆದರೆ ಅವರಿಗಿಂತ ಮುಂಚಿನವರ ಕಡೆ ಕಿವಿ ಹೋಗಿದ್ದು ಈಚೆಗೆ. ಹೋದ ತಿಂಗಳು ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ನೋವಿನ ಹಾಡು, ಹಾಡುತ್ತಿದ್ದ ಮಡ್ಡಿ ವಾಟರ್ಸ್ ಅವರ 1950ರ ದಶಕದ ಹಾಡುಗಳನ್ನು ಒಂದಾದ ಮೇಲೊಂದು ಕೇಳಿದೆ. ಸ್ಟೋನ್ಸ್ ಅನ್ನೋ ಹೆಸರೇ ಅವರ ಹಾಡಿನಿಂದ ಬಂದದ್ದು ಅಂತ ಗೊತ್ತಾದದ್ದೂ ಆಗಲೇ. ಮಡ್ಡಿ ಅಮೆರಿಕದ ದಕ್ಷಿಣದ ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವೆ ಬೆಳೆದ ಕಪ್ಪು ಮನುಷ್ಯ, 1943ರಲ್ಲಿ ಊರು ಬಿಟ್ಟು ಷಿಕಾಗೋ ಸೇರಿದವರು. ಸ್ಟೋನ್ಸ್ ಬ್ಯಾಂಡಿನ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಇಬ್ಬರೂ ಲಂಡನ್ ಪಕ್ಕದ ಡಾರ್ಟ್‌ಫರ್ಡ್‌ನ ಬಿಳಿ ಹುಡುಗರು. ಅವರಿಗೆ ಹೊಟ್ಟೆಬಟ್ಟೆಗೆ ಕೊರತೆ ಇರಲಿಲ್ಲ. ಆ ನೋವಿಗೂ ಇವರ ಹಾಡಿನ ಸಿಟ್ಟಿಗೂ ಏನು ಸಂಬಂಧ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಹಳೇ ರೆಕಾರ್ಡು:
ಕೊರತೆ ಇರಲಿಲ್ಲ ಅನ್ನೋದು ಪೂರ್ತಿ ಸರಿಯಲ್ಲ. ಯುದ್ಧ ಮುಗಿದು ಒಂಬತ್ತು ವರ್ಷ ಕಳೆದರೂ, 1954ರ ತನಕ, ಇಂಗ್ಲೆಂಡಿನಲ್ಲಿ ಮಾಂಸಕ್ಕೆ ರೇಷನ್ ಇತ್ತು. ಇವರಿಬ್ಬರೂ ಹುಟ್ಟಿದ್ದು 1943ರಲ್ಲಿ. ಹಾಗಾಗಿ ಬಾಲ್ಯ ಕಳೆದದ್ದೇ ರೇಷನ್ ಪುಸ್ತಕದ ಕಾಲದಲ್ಲಿ. ಆಮೇಲೆ ಜನರ ಕೈಗೆ ನಾಲ್ಕು ಕಾಸು ಬಂತು. 1960ರ ಕೊನೆಗೆ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುವುದೂ ನಿಂತಿತು. ಅಣ್ಣಂದಿರನ್ನು ಹದಿನೆಂಟಕ್ಕೆ ಕರೆದೊಯ್ದು, ಕೂದಲು ಕತ್ತರಿಸಿ, ಎರಡು ವರ್ಷ ಎಡ ಬಲ ಅಂತ ನಡೆಸಿದ್ದರು. ತಮ್ಮಂದಿರಿಗೆ ಆ ಕಾಟ ತಪ್ಪಿತು. ಅವರು ಕೂದಲು ಬಿಟ್ಟರು, ಗಿಟಾರ್ ಹಿಡಿದರು. ಮುಂದೆ ಹೆಸರಾಂತ ಗಿಟಾರ್ ವಾದಕರಾದ ರಿಚರ್ಡ್ಸ್, ಎರಿಕ್ ಕ್ಲಾಪ್ಟನ್, ಪೀಟ್ ಟೌನ್‌ಶೆಂಡ್ ಮೂವರೂ ಆರ್ಟ್ ಕಾಲೇಜಿನ ಮೆಟ್ಟಿಲು ಹತ್ತಿದವರು, ಅದು ಕಾಕತಾಳೀಯ ಅಲ್ಲ ಅಂತ ನನಗನ್ನಿಸುತ್ತದೆ.

ಇನ್ನು ಬಿಬಿಸಿ ರೇಡಿಯೊದಲ್ಲಿ ಬ್ಲೂಸ್ ಕೇಳಸಿಗುವುದು ಅಪರೂಪ. ಅದಕ್ಕೇ ಒಂದೊಂದು ರೆಕಾರ್ಡೂ ಚಿನ್ನ. 1961ರ ಅಕ್ಟೋಬರ್‌ನಲ್ಲಿ ಡಾರ್ಟ್‌ಫರ್ಡ್ ರೈಲ್ವೆ ಸ್ಟೇಷನ್ನಿನಲ್ಲಿ ಜಾಗರ್ ಕೈಯಲ್ಲಿ ಅಮೆರಿಕದ ಕಪ್ಪು ಹಾಡುಗಾರರಾದ ಚಕ್ ಬೆರ್ರಿ, ಮಡ್ಡಿ ವಾಟರ್ಸ್ ರೆಕಾರ್ಡು ಕಂಡೇ ರಿಚರ್ಡ್ಸ್ ಮಾತಿಗೆ ನಿಂತದ್ದು. ಚಿಕ್ಕವರಿದ್ದಾಗ ಒಂದೇ ಶಾಲೆಯಲ್ಲಿ ಓದಿದವರು, ಆದರೂ ಅವರನ್ನು ಮತ್ತೆ ಸೇರಿಸಿದ್ದು ಷಿಕಾಗೋದ ಚೆಸ್ ರೆಕಾರ್ಡ್ ಕಂಪನಿಯ ಪ್ಲೇಟುಗಳು. ಮುಂದಿನ ಮಾರ್ಚ್‌ನಲ್ಲಿ ಅಲೆಕ್ಸಿಸ್ ಕಾರ್ನರ್ ಮತ್ತು ಸಿರಿಲ್ ಡೇವಿಸ್ ಅನ್ನೋ ಇಬ್ಬರು ವಾದಕರು ಲಂಡನ್ನಿನ ಈಲಿಂಗ್‌ನ ಒಂದು ನೆಲಮಾಳಿಗೆಯಲ್ಲಿ ಬ್ಲೂಸ್ ಶುರುಮಾಡಿದರು. ಸ್ಟೋನ್ಸ್ ಕಟ್ಟಿದ ಗಿಟಾರ್ ವಾದಕ ಬ್ರಯನ್ ಜೋನ್ಸ್ ಇವರಿಗೆ ಸಿಕ್ಕಿದ್ದು ಅಲ್ಲಿ. 1962ರ ಜುಲೈ 12ಕ್ಕೆ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಸ್ಟೋನ್ಸ್ ಹೆಸರಿನಲ್ಲಿ ಮೊದಲ ಸಲ ನುಡಿಸಿದರು.

ಆರು ತಂತಿ:
ಇದೆಲ್ಲ ಸರಿ, ಆದರೆ ಅವರು ಕೇಳಿದ್ದು ಸಿಟ್ಟಿನ ಬಗ್ಗೆ ಅಲ್ವಾ? ನನಗೆ ಉತ್ತರ ಸಿಕ್ಕಿದ್ದು ಮಡ್ಡಿ 1955ರಲ್ಲಿ ಹಾಡಿದ 'ಮ್ಯಾನಿಷ್ ಬಾಯ್' ಕೇಳಿದಾಗ. ಅದರಲ್ಲಿ ಅವರು 'ಮ್ಯಾನ್' ಅನ್ನೋ ಪದವನ್ನು ಒಂದೊಂದೇ ಅಕ್ಷರ ಬಿಡಿಸಿ ಹಾಡುತ್ತಾರೆ. ಸುಮ್ನೆ ಜಂಬ ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಆದರೆ ಅಮೆರಿಕದ ದಕ್ಷಿಣದಲ್ಲಿ ಬಿಳಿಯರು ಎಷ್ಟೇ ವಯಸ್ಸಾದ ಕಪ್ಪು ಗಂಡಸನ್ನೂ 'ಬಾಯ್' ಅಂತಲೇ ಕರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಗೌಡರ ಮನೆಯ ಚಿಕ್ಕ ಹುಡುಗನೂ ತಲೆ ನರೆತ ಆಳನ್ನು 'ಲೋ' ಅಂತ ಕೂಗುತ್ತಿದ್ದನಲ್ಲ, ಹಾಗೆ. ನಲವತ್ತರ ಆಸುಪಾಸಿನ ಮನುಷ್ಯ ಮೈಕಿನ ಮುಂದೆ ನಿಂತು ನಾನು ಗಂಡಸು ಅಂತ ಅಕ್ಷರ ಬಿಡಿಸಿ ಹೇಳಬೇಕಾಗಿ ಬಂದದ್ದು ಅದಕ್ಕೆ.

ಇಂಗ್ಲೆಂಡಿನ ಹುಡುಗನಿಗೆ ಆ ಅವಮಾನ ಗೊತ್ತಿರಲಿಲ್ಲ. ಆದರೆ ಅವನನ್ನೂ ಅಪ್ಪ, ಹೆಡ್‌ಮಾಸ್ಟರ್ 'ಬಾಯ್' ಅಂತ ಗದರುತ್ತಿದ್ದರು. ಅವನ ಕಿವಿಗೆ ಕೇಳಿಸಿದ್ದು ಅದಕ್ಕೆ ಕೊಟ್ಟ ಜವಾಬು. 'ಮ್ಯಾನಿಷ್ ಬಾಯ್'ಗೆ ಮೂಲವಾದ, ಅಮೆರಿಕದ ಕಪ್ಪು ಹಾಡುಗಾರ ಬೋ ಡಿಡ್ಲಿಯ ಹಾಡನ್ನು 1965 ಒಂದೇ ವರ್ಷದಲ್ಲಿ ಇಂಗ್ಲೆಂಡಿನ ಯಾರ್ಡ್‌ಬರ್ಡ್ಸ್ ಮತ್ತು ದ ಹೂ ಎರಡೂ ಬ್ಯಾಂಡು ರೆಕಾರ್ಡ್ ಮಾಡಿದವು. ಎರಡೂ ನೋವನ್ನು ಒಂದೇ ತಕ್ಕಡಿಗೆ ಹಾಕಬೇಡಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಇನ್ನೊಂದು. 1958ರಲ್ಲಿ ಮಡ್ಡಿ ಇಂಗ್ಲೆಂಡಿಗೆ ಎಲೆಕ್ಟ್ರಿಕ್ ಗಿಟಾರ್ ತಂದಾಗ, ಬ್ಲೂಸ್ ಅಂದರೆ ಹೊಲದ ಹಾಡು ಅಂದುಕೊಂಡಿದ್ದ ಕೆಲವು ಹಿರಿಯ ಅಭಿಮಾನಿಗಳಿಗೆ ಆ ಸದ್ದು ಕಿವಿ ಚುಚ್ಚಿತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು 1963ರಲ್ಲಿ ಬಂದಾಗ ಅವರು ಸಾದಾ ಗಿಟಾರ್ ಹಿಡಿದುಕೊಂಡು ಬಂದರು. ಅಷ್ಟರಲ್ಲಿ ಹುಡುಗರಿಗೆ ಬೇಕಾಗಿದ್ದದ್ದು ಆ ಜೋರು ಸದ್ದೇ! 1966ರಲ್ಲಿ ಇಂಗ್ಲೆಂಡಿನ ಜಾನ್ ಮೇಯಲ್ ಅವರ ಬ್ಲೂಸ್ ಬ್ಯಾಂಡಿನ ರೆಕಾರ್ಡಿಂಗ್‌ನಲ್ಲಿ ಕ್ಲಾಪ್ಟನ್ ಲೆಸ್ ಪಾಲ್ ಅನ್ನೋ ಎಲೆಕ್ಟ್ರಿಕ್ ಗಿಟಾರನ್ನು ಸದ್ದು ದೊಡ್ಡದು ಮಾಡುವ ಮಾರ್ಷಲ್ ಆಂಪಿಗೆ ಹಾಕಿ, ಸದ್ದು ಒಡೆಯುವಷ್ಟು ಏರಿಸಿ ನುಡಿಸಿದ. ಆಮೇಲಿನ ರಾಕ್ ಗಿಟಾರೆಲ್ಲ ಹೊರಟದ್ದು ಆ ಸದ್ದಿನಿಂದ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಅರಮನೆ ಮೈದಾನ:
'ಬಾಯ್' ವಿಷಯ ಓದಿ ಮತ್ತೆ ಆ ಹಾಡು ಹಾಕಿದೆ. ಈಗ ಬೇರೆಯೇ ಹಾಡು ಅನ್ನಿಸಿತು. ಹಾಗಾದರೆ ದುಡ್ಡು ಯಾರಿಗೆ ಹೋಯಿತು? ಹೆಸರನ್ನಾದರೂ ಹಾಕಿದರಾ?

ಹಳೇ ರೆಕಾರ್ಡು:
ಕೆಲವರು ಹಾಕಿದರು, ಕೆಲವರು ಹಾಕಲಿಲ್ಲ. ಮಡ್ಡಿಯಂಥವರಿಗೆ ಹಾಡು ಬರೆದುಕೊಟ್ಟ ವಿಲ್ಲಿ ಡಿಕ್ಸನ್ ಅವರನ್ನೇ ತಗೊಳ್ಳಿ. ಅವರ 'ಲಿಟಲ್ ರೆಡ್ ರೂಸ್ಟರ್' ಹಾಡನ್ನು ಸ್ಟೋನ್ಸ್ ಡಿಕ್ಸನ್ ಹೆಸರು ಹಾಕಿಯೇ ಹೊರತಂದರು, 1964ರ ಡಿಸೆಂಬರ್‌ನಲ್ಲಿ ಅದು ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು. ಇಂಗ್ಲೆಂಡಿನದೇ ಇನ್ನೊಂದು ಬ್ಯಾಂಡ್ ಲೆಡ್ ಜೆಪ್ಪೆಲಿನ್ 1969ರ ಮೊದಲ ಆಲ್ಬಮ್ಮಿನ ಎರಡು ಹಾಡುಗಳಿಗೆ ಡಿಕ್ಸನ್ ಹೆಸರು ಕೊಟ್ಟಿತ್ತು. ಅದೇ ವರ್ಷದ 'ಹೋಲ್ ಲಾಟಾ ಲವ್'ಗೆ ಕೊಡಲಿಲ್ಲ. ಅದರ ಸಾಲುಗಳು ಡಿಕ್ಸನ್ ಬರೆದು ಮಡ್ಡಿ ಹಾಡಿದ್ದ ಹಾಡಿಗೆ ಅಷ್ಟು ಹತ್ತಿರ ಇದ್ದರೂ! 1985ರಲ್ಲಿ ಡಿಕ್ಸನ್ ಕೋರ್ಟಿಗೆ ಹೋದರು, ಆಗ ಅವರಿಗೆ ಎಪ್ಪತ್ತು. ಎರಡು ವರ್ಷದ ಮೇಲೆ ರಾಜಿಯಾಯಿತು. ಹದಿನೆಂಟು ವರ್ಷ ಕಾಯಿಸಿದ್ದು ತಪ್ಪು, ಎಷ್ಟೇ ಪ್ರೀತಿಯ ಬ್ಯಾಂಡ್ ಆದರೂ ಅದನ್ನು ತಪ್ಪು ಅಂತಲೇ ಹೇಳಬೇಕು.

1965ರಲ್ಲಿ ಸ್ಟೋನ್ಸ್‌ನ್ನು ಅಮೆರಿಕದ 'ಷಿಂಡಿಗ್' ಟಿವಿ ಕಾರ್ಯಕ್ರಮಕ್ಕೆ ಕರೆದಾಗ, ಷಿಕಾಗೋದ ಬ್ಲೂಸ್ ಹಾಡುಗಾರ ಹೌಲಿನ್ ವುಲ್ಫ್ ಅವರನ್ನೂ ಕರೆಸಬೇಕು ಅಂತ ಹಟ ಹಿಡಿದರು. ಆ ವಿಡಿಯೊ ಈಗಲೂ ಸಿಗುತ್ತದೆ, ಹುಡುಕಿ ನೋಡಿ. ಐವತ್ತು ದಾಟಿದ ಆ ಭಾರಿ ಆಳು ಹಾಡುತ್ತಿದ್ದಾರೆ, ಹುಡುಗಿಯರನ್ನು ಕಿರುಚಿಸುತ್ತಿದ್ದ ಈ ಹುಡುಗರು ಅವರ ಕಾಲ ಬಳಿ ಕೂತು ಕೇಳುತ್ತಿದ್ದಾರೆ.