ಎಂಜಿನ್ ಆಯಿಲ್ ಸೋರಿಕೆ: ಗೇರ್‌ಬಾಕ್ಸ್ ಇಳಿಸಬೇಕೆನ್ನುತ್ತಾರೆ, ಒಪ್ಪಲೇ?

ಬಿಳಿ ಹ್ಯಾಚ್‌ಬ್ಯಾಕ್:
ಹನ್ನೊಂದು ವರ್ಷದ ಪೆಟ್ರೋಲ್ ಕಾರು, 1,20,000 ಕಿ.ಮೀ. ಓಡಿದೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಅಂಗೈಯಗಲ ಕಪ್ಪು ಕಲೆ. ತಿಂಗಳಿಗೆ ಅರ್ಧ ಲೀಟರ್ ಆಯಿಲ್ ಸೇರಿಸುತ್ತಿದ್ದೇನೆ. ಒಬ್ಬ ಮೆಕ್ಯಾನಿಕ್ ಕೆಳಗೆ ಬಗ್ಗಿ ನೋಡಿ, ಕ್ರ್ಯಾಂಕಿನ, ಅಂದರೆ ಎಂಜಿನ್ನಿನ ತಿರುಗುವ ದಂಡದ, ಹಿಂಬದಿಯಲ್ಲಿ ಗೇರ್‌ಬಾಕ್ಸ್ ಕಡೆಗಿರುವ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದರು. ಇನ್ನೊಬ್ಬರು ಚೇಂಬರ್, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯ, ಪ್ಯಾಕಿಂಗ್ ಎಂದರು. ಇಬ್ಬರ ಅಂದಾಜಿನ ನಡುವೆ ಐದು ಪಟ್ಟು ಅಂತರವಿದೆ. ಇದನ್ನು ಅನುಭವಿಸಿದವರು ದಯವಿಟ್ಟು ಹೇಳಿ.

ಹಳೆಯ ಸೆಡಾನ್:
ಒಪ್ಪಬೇಡಿ. ನಾನು ಒಪ್ಪಿ ಕೆಟ್ಟೆ. ನನಗೂ ಇದೇ ಮಾತು ಹೇಳಿದ್ದರು, ಬಗ್ಗಿ ನೋಡಿದ್ದೂ ಹೀಗೆಯೇ. ಗೇರ್‌ಬಾಕ್ಸ್ ಇಳಿಸಲು, ಏರಿಸಲು ಏಳು ಗಂಟೆಯ ಕೂಲಿ. ಸೀಲಿನ ಬೆಲೆ ಆ ಬಿಲ್ಲಿನಲ್ಲಿ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದು. ಹೇಗೂ ಬಿಚ್ಚಿದ್ದೇವೆ ಎಂದು ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಹಾಕಿಸಿದರು. ಗೇರ್ ಆಯಿಲ್ ಹೊಸದು, ಎಂಜಿನ್ ಆಯಿಲ್ ನಾಲ್ಕು ಲೀಟರ್ ಹೊಸದು, ಫಿಲ್ಟರ್ ಹೊಸದು. ಒಂದು ಎಂಜಿನ್ ಮೌಂಟ್ ಬಿಚ್ಚುವಾಗ ಹರಿಯಿತಂತೆ, ಅದೂ ನನ್ನ ತಲೆಗೆ. ಒಂದು ದಿನ ಎಂದದ್ದು ನಾಲ್ಕು ದಿನವಾಯಿತು.

ಗಾಡಿ ಮನೆಗೆ ಬಂದ ಮೂರನೆಯ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಕಲೆ. ಅಂದು ನಾನೇ ಟಾರ್ಚ್ ಹಿಡಿದು ಎಂಜಿನ್ ಹಿಂಬದಿಗೆ ಕೈಗನ್ನಡಿ ಇಳಿಸಿದೆ. ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಪ್ಯಾಕಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅಲ್ಲಿ ಒಸರಿದ ಆಯಿಲ್ ಆ ಮುಚ್ಚಳದ ಕೆಳಗಿನ ಹೆಡ್ಡಿನ ಬೆನ್ನ ಮೇಲೆ ಗೆರೆ ಎಳೆದಂತೆ ಇಳಿದು, ಎಂಜಿನ್ ಗೇರ್‌ಬಾಕ್ಸ್ ಸೇರುವ ಕಡೆಯ ಬೆಲ್ ಹೌಸಿಂಗ್ ಸುತ್ತಿಕೊಂಡು, ಅದರ ಅಡಿಯಿಂದ ತೊಟ್ಟಿಕ್ಕುತ್ತಿತ್ತು. ಕೆಳಗಿನಿಂದ ನೋಡಿದವರಿಗೆ ಹಿಂದಿನ ಸೀಲೇ ಹೋದಂತೆ ಕಾಣುತ್ತದೆ. ಆ ಪ್ಯಾಕಿಂಗ್ ಬದಲಿಸಲು ಮುಕ್ಕಾಲು ಗಂಟೆ ಸಾಕಾಯಿತು. ಎರಡು ವರ್ಷವಾದರೂ ಆ ಬಿಲ್ಲನ್ನು ಬಿಸಾಡಿಲ್ಲ.

ಗ್ಯಾರೇಜಿನವನು:
ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ್ದೇನೆ, ಹಾಗಾಗಿ ಹೇಳಲೇಬೇಕು. ಸೋರಿಕೆ ಹುಡುಕುವುದೇ ಒಂದು ಕೆಲಸ. ಮೊದಲು ಜಿಡ್ಡು ಕರಗಿಸುವ ದ್ರಾವಣ ಹಾಕಿ ಎಂಜಿನ್ ತೊಳೆಯಬೇಕು, ಒಣಗಿಸಬೇಕು. ಆಯಿಲಿಗೆ ಹೊಳೆಯುವ ಬಣ್ಣ ಬೆರೆಸಿ ಗಾಡಿ ಓಡಿಸಬೇಕು. ಆಮೇಲೆ ನೇರಳಾತೀತ ಟಾರ್ಚ್ ಹಿಡಿದು, ಹಸಿರು ಹಳದಿಯಾಗಿ ಮಿನುಗುವ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಬೇಕು. ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ತೂತು. ನಿಧಾನದ ಸೋರಿಕೆಯಾದರೆ ಮಾರನೆಯ ದಿನ ಮತ್ತೆ ನೋಡಬೇಕು. ಈ ಕೆಲಸಕ್ಕೆ ಒಂದೂವರೆ ಗಂಟೆಯ ಕೂಲಿ ಕೇಳಿದರೆ, ಬರೀ ನೋಡಲು ದುಡ್ಡೇ ಎಂದು ಜಗಳಕ್ಕೆ ಬರುತ್ತಾರೆ. ಪುಕ್ಕಟೆ ಬಗ್ಗಿ ನೋಡಿದವನು ಹೇಳುವುದು ಅಂದಾಜು. ಆ ಅಂದಾಜಿಗೆ ಗೇರ್‌ಬಾಕ್ಸ್ ಇಳಿಸಲು ಒಪ್ಪಿದ್ದು ಸೆಡಾನಿನವರ ತಪ್ಪು.

ಹಳೆಯ ಸೆಡಾನ್:
ತಪ್ಪು ನನ್ನದೇ? ಪರೀಕ್ಷೆಗೆ ಇಷ್ಟಾಗುತ್ತದೆ ಎಂದು ಒಬ್ಬರಾದರೂ ನನಗೆ ಹೇಳಿದ್ದರೆ ಕೊಡುತ್ತಿದ್ದೆ. ನನಗೆ ಅಂದಾಜು ಎಂದು ಹೇಳಲಿಲ್ಲ, ಖಚಿತ ಎಂದೇ ಹೇಳಿದರು. ಹಳೆಯ ಸೀಲನ್ನು ತೋರಿಸಿ ಎಂದರೆ ಕಸಕ್ಕೆ ಹೋಯಿತು ಎಂದರು.

ಪೆಟ್ರೋಲ್ ವ್ಯಾನ್:
ನೀವಿಬ್ಬರೂ ಸೀಲು, ಪ್ಯಾಕಿಂಗು ಎನ್ನುತ್ತಿದ್ದೀರಿ. ಸೀಲು ಯಾಕೆ ಹೋಯಿತು ಎಂದು ಯಾರೂ ಕೇಳುತ್ತಿಲ್ಲ. ನನ್ನ ವ್ಯಾನಿನಲ್ಲಿ ಹತ್ತು ತಿಂಗಳಲ್ಲಿ ಮೂರು ಸಲ ರಿಪೇರಿಯಾಯಿತು. ಮೊದಲು ಟ್ಯಾಪೆಟ್ ಕವರ್ ಪ್ಯಾಕಿಂಗ್, ಐದು ತಿಂಗಳಿಗೆ ಕ್ರ್ಯಾಂಕಿನ ಮುಂದಿನ ಸೀಲ್, ಆಮೇಲೆ ಮತ್ತೆ ಟ್ಯಾಪೆಟ್ ಕವರ್. ಪ್ರತಿ ಸಲ ಬೇರೆ ಕೂಲಿ, ಪ್ರತಿ ಸಲ ಎರಡು ದಿನ ಬಾಡಿಗೆ ತಪ್ಪಿತು. ನಾಲ್ಕನೆಯ ಸಲ ಒಬ್ಬ ಹಿರಿಯ ಮೆಕ್ಯಾನಿಕ್ ಬೇರೇನನ್ನೂ ಮುಟ್ಟಲಿಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು, ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟರು. ಹಾಳೆ ಒಳಕ್ಕೆ ಹೀರಿಕೊಳ್ಳಬೇಕಿತ್ತು, ಬದಲಿಗೆ ಮೇಲಕ್ಕೆ ಉಬ್ಬಿತು. ಬ್ರೀದರ್ ವಾಲ್ವ್ ಮಸಿ ಕಟ್ಟಿ ಮುಚ್ಚಿಹೋಗಿತ್ತು. ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಸಿಕ್ಕ ಸಿಕ್ಕ ಸೀಲನ್ನು ತಳ್ಳುತ್ತಿತ್ತು. ವಾಲ್ವ್ ಬದಲಿಸಿ ಪೈಪ್ ತೊಳೆದದ್ದಕ್ಕೆ ಅರ್ಧ ಗಂಟೆ ಹಿಡಿಯಿತು. ಅಂದಿನಿಂದ ವ್ಯಾನ್ ಒಣಗಿದೆ.

ಮೂರನೆಯ ಮಾಲೀಕ:
ನಾನು ಇದಾವುದನ್ನೂ ಮಾಡಲಿಲ್ಲ. ಸೋರಿಕೆ ನಿಲ್ಲಿಸುವ ದ್ರಾವಣದ ಒಂದು ಡಬ್ಬಿ ಆಯಿಲಿಗೆ ಸುರಿದೆ. ಅಂಗೈಯಗಲದ ಕಲೆ ಎರಡು ವಾರದಲ್ಲಿ ನಾಣ್ಯದಷ್ಟಾಯಿತು. ಗೇರ್‌ಬಾಕ್ಸ್ ಇಳಿಸುವ ಖರ್ಚು ನನ್ನ ಗಾಡಿಯ ಬೆಲೆಯ ಕಾಲು ಭಾಗ. ಹಾಗಿರುವಾಗ ಯಾರು ಇಳಿಸುತ್ತಾರೆ? ವಾರಕ್ಕೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡುತ್ತೇನೆ, ತಿಂಗಳಿಗೆ ಕಾಲು ಲೀಟರ್ ಸೇರಿಸುತ್ತೇನೆ. ಎರಡು ವರ್ಷ ಹೀಗೇ ನಡೆದಿದೆ. ನನಗೆ ತೃಪ್ತಿಯಿದೆ.

ಗ್ಯಾರೇಜಿನವನು:
ದಯವಿಟ್ಟು ಇದನ್ನು ಹೊಸಬರಿಗೆ ಹೇಳಬೇಡಿ. ಆ ದ್ರಾವಣ ರಬ್ಬರನ್ನು ಮೆತ್ತಗೆ ಮಾಡಿ ಊದಿಸುತ್ತದೆ. ಗಟ್ಟಿಯಾದ ಸೀಲಿಗೆ ಸ್ವಲ್ಪ ಕಾಲ ಕೆಲಸ ಮಾಡಬಹುದು. ಬಿರುಕು ಬಿಟ್ಟ ಪ್ಯಾಕಿಂಗನ್ನು, ಸಡಿಲವಾದ ಬೋಲ್ಟನ್ನು ಅದು ಸರಿಮಾಡುವುದಿಲ್ಲ. ಎಲ್ಲಿ ಸೋರುತ್ತಿದೆ ಎಂದೇ ತಿಳಿಯದೆ ಸುರಿಯುವುದು ಕಣ್ಣು ಕಟ್ಟಿಕೊಂಡು ಔಷಧಿ ಕುಡಿದಂತೆ. ಆಯಿಲ್ ಕ್ಲಚ್ ಪ್ಲೇಟಿಗೆ ತಗುಲಿದರೆ ಕ್ಲಚ್ ಜಾರುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿಯ ಭಯ.

ಮೂರನೆಯ ಮಾಲೀಕ:
ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಬೇಕೆಂದು ನನಗೂ ಗೊತ್ತು. ನನಗೆ ಬಂದಿಲ್ಲ. ಎಲ್ಲರೂ ನಿಮ್ಮ ಹತ್ತಿರವೇ ಬರಬೇಕೆಂದು ಹೆದರಿಸಬೇಡಿ.

ನಾನೇ ಬಿಚ್ಚುವವಳು:
ನನ್ನ ಮೊದಲ ಸಲದ ಕಥೆ ಕೇಳಿ. ಟ್ಯಾಪೆಟ್ ಕವರ್ ಪ್ಯಾಕಿಂಗ್ ನಾನೇ ಹಾಕಿದೆ. ಸೋರಬಾರದೆಂದು ಬೋಲ್ಟುಗಳನ್ನು ಕೈಬಲವಿದ್ದಷ್ಟು ಬಿಗಿದೆ. ಹೊಸ ಪ್ಯಾಕಿಂಗ್ ಹಿಂಡಿಹೋಗಿ ಮೊದಲಿಗಿಂತ ಹೆಚ್ಚು ಸೋರಿತು, ಒಂದು ಬೋಲ್ಟ್ ಹೆಡ್ಡಿನೊಳಗೇ ಮುರಿಯಿತು. ಮುರಿದದ್ದನ್ನು ಕೊರೆದು ತೆಗೆಸಲು ಕೊಟ್ಟ ಕೂಲಿಯಲ್ಲಿ ನಾಲ್ಕು ಪ್ಯಾಕಿಂಗ್ ಬರುತ್ತಿದ್ದವು. ಆ ಸಣ್ಣ ಬೋಲ್ಟುಗಳಿಗೆ ಅನೇಕ ಎಂಜಿನ್‌ಗಳಲ್ಲಿ ಬೇಕಾದದ್ದು ಸುಮಾರು 8ರಿಂದ 10 ನ್ಯೂಟನ್ ಮೀಟರ್ ಮಾತ್ರ. ಈಗ ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಒಂದನ್ನೂ ಮುಟ್ಟುವುದಿಲ್ಲ. ಗ್ಯಾರೇಜುಗಳಲ್ಲಿ ಈ ರೆಂಚ್ ಗೋಡೆಯಲ್ಲಿ ತೂಗಾಡುವುದನ್ನು ಕಂಡಿದ್ದೇನೆ, ಕೈಯಲ್ಲಿ ಕಂಡಿಲ್ಲ.

ಗ್ಯಾರೇಜಿನವನು:
ದಿನಕ್ಕೆ ನೂರು ಬೋಲ್ಟ್ ಬಿಗಿಯುವ ಕೈಗೆ ಅಳತೆ ಗೊತ್ತಿರುತ್ತದೆ. ಒಂದು ಬೋಲ್ಟ್ ಮುರಿದವರು ನನಗೆ ಪಾಠ ಹೇಳಬೇಕಾಗಿಲ್ಲ.

ನಾನೇ ಬಿಚ್ಚುವವಳು:
ಆ ಅಳತೆ ಗೊತ್ತಿದ್ದ ಕೈಯೇ ನನ್ನ ಅಣ್ಣನ ಗಾಡಿಯ ಚೇಂಬರಿಗೆ ಸಿಲಿಕಾನ್ ಪೇಸ್ಟನ್ನು ಬೆರಳು ದಪ್ಪ ಬಳಿದಿತ್ತು. ಒಳಕ್ಕೆ ಹಿಂಡಿದ ಪೇಸ್ಟ್ ಕಿತ್ತು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡಿತು. ಆಯಿಲ್ ದೀಪ ಹತ್ತಿದ ಕೂಡಲೇ ಎಂಜಿನ್ ನಿಲ್ಲಿಸಿದ್ದರಿಂದ ಬೇರಿಂಗ್ ಉಳಿದವು. ಚೇಂಬರ್ ಎರಡನೆಯ ಸಲ ಬಿಚ್ಚಿದ ಕೂಲಿ ಯಾರು ಕೊಟ್ಟರೆಂದುಕೊಂಡಿರಿ? ಅಣ್ಣನೇ.

ಬಿಳಿ ಹ್ಯಾಚ್‌ಬ್ಯಾಕ್:
ಎಲ್ಲರಿಗೂ ಧನ್ಯವಾದ. ನಿನ್ನೆ ಎಂಜಿನ್ ತೊಳೆಸಿ 40 ಕಿ.ಮೀ. ಓಡಿಸಿದೆ. ಹೆಡ್ಡಿನ ಹಿಂಬದಿ ಒಣಗಿದೆ. ಚೇಂಬರಿನ ಅಂಚು ಮೇಲ್ಭಾಗದಲ್ಲಿ ಒಣಗಿದೆ. ಆಯಿಲ್ ಫಿಲ್ಟರಿನ ಪಕ್ಕ ಮಾತ್ರ ಒದ್ದೆ. ಫಿಲ್ಟರ್ ಕೈಯಲ್ಲಿ ತಿರುಗುತ್ತಿಲ್ಲ, ಬಿಗಿಯಾಗಿಯೇ ಇದೆ. ಅದರಿಂದ ಸ್ವಲ್ಪ ಮೇಲ್ಗಡೆ ವೈರ್ ಚುಚ್ಚಿದ ಒಂದು ಸಣ್ಣ ಸ್ವಿಚ್ ಇದೆ.

ಪೆಟ್ರೋಲ್ ವ್ಯಾನ್:
ಬ್ರೀದರ್ ನೋಡಿದಿರಾ? ಮೊದಲು ಅದನ್ನು ನೋಡಿ.

ನಾನೇ ಬಿಚ್ಚುವವಳು:
ಅದು ಆಯಿಲ್ ಪ್ರೆಶರ್ ಸ್ವಿಚ್, ಆಯಿಲ್ ಒತ್ತಡ ಇಳಿದರೆ ದೀಪ ಹತ್ತಿಸುವಂಥದ್ದು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ವೈರಿನ ಕನೆಕ್ಟರ್ ಎಳೆದು ಒಳಗೆ ಬೆರಳಾಡಿಸಿ. ಅಲ್ಲಿ ಆಯಿಲ್ ಇರಕೂಡದು.

ಬಿಳಿ ಹ್ಯಾಚ್‌ಬ್ಯಾಕ್:
ಎಳೆದೆ. ಕನೆಕ್ಟರಿನೊಳಗೆ ಆಯಿಲ್ ತುಂಬಿ ನಿಂತಿದೆ, ಬಗ್ಗಿಸಿದರೆ ಸುರಿಯಿತು. ವೈರಿನ ಹೊದಿಕೆಯವರೆಗೂ ಏರಿದೆ.

ಗ್ಯಾರೇಜಿನವನು:
ಹಾಗಾದರೆ ಸ್ವಿಚ್ಚೇ. ಅರ್ಧ ಗಂಟೆಯ ಕೆಲಸ. ಬದಲಿಸಿದ ಮೇಲೆ ಮತ್ತೊಮ್ಮೆ ತೊಳೆಸಿ, ಒಂದು ವಾರ ರಾತ್ರಿ ಅಡಿಗೆ ರಟ್ಟು ಹಾಸಿ. ಈ ವಯಸ್ಸಿನ ಗಾಡಿ ಎರಡು ಕಡೆ ಸೋರುವುದೂ ಉಂಟು. ತೊಳೆದು ನೋಡುವ ಕೂಲಿ ಕೊಟ್ಟಿರಲ್ಲ, ಅದಕ್ಕೇ ಗೇರ್‌ಬಾಕ್ಸ್ ಉಳಿಯಿತು.

ಹಳೆಯ ಸೆಡಾನ್:
ಗೇರ್‌ಬಾಕ್ಸ್ ಇಳಿಸಬೇಕೆಂದವರು ನಿಮ್ಮ ವೃತ್ತಿಯವರೇ. ಅವರ ಬಗ್ಗೆ ನೀವು ಇದುವರೆಗೆ ಒಂದು ಮಾತೂ ಆಡಿಲ್ಲ.