ಪದಚರ್ಚೆ: ಊರಾಚೆಯ ಸಾಹುಕಾರರ ದೊಡ್ಡ ಮನೆಗೆ ಏನನ್ನೋಣ?

ನಮಸ್ಕಾರ ಗೆಳೆಯರೇ,

ಹೋದ ವಾರ ಅಮ್ಮನನ್ನು ಆಸ್ಟರ್ಲಿಗೆ ಕರೆದುಕೊಂಡು ಹೋಗಿದ್ದೆ. ಲಂಡನ್ನಿನ ಪಶ್ಚಿಮದ ಅಂಚು, ಪಿಕಡಿಲಿ ಲೈನ್ ರೈಲು ಇಳಿದು ನಡೆದರೆ ಸಿಗುತ್ತದೆ. ಕೆರೆ, ದನ ಮೇಯುವ ಬಯಲು, ನಡುವೆ ನಾಲ್ಕು ಮೂಲೆಗೂ ಗೋಪುರವಿರುವ ಕೆಂಪು ಇಟ್ಟಿಗೆಯ ಮನೆ. ನೋಡಿದ ಕೂಡಲೇ ಅಮ್ಮ, "ಇದು ಯಾವ ರಾಜನ ಅರಮನೆನೋ?" ಎಂದರು. "ರಾಜನದಲ್ಲಮ್ಮ, ಬ್ಯಾಂಕ್ ನಡೆಸ್ತಿದ್ದವರದು." "ಹಾಗಾದ್ರೆ ಇದನ್ನ ಏನಂತಾರೆ?" ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಇಂಗ್ಲಿಷಿನವರು ಕಂಟ್ರಿ ಹೌಸ್ ಅಂದುಬಿಡುತ್ತಾರೆ. ನಾವು?

ಮನೆಯನ್ನು ಮೊದಲು ಕಟ್ಟಿಸಿದ್ದು 1570ರ ದಶಕದಲ್ಲಿ, ಥಾಮಸ್ ಗ್ರೆಶಮ್ ಎಂಬ ಲಂಡನ್ನಿನ ವರ್ತಕ. 1713ರಲ್ಲಿ ಅದು ಬ್ಯಾಂಕಿನ ಚೈಲ್ಡ್ ಮನೆತನಕ್ಕೆ ಬಂತು. 1761ರಿಂದ ರಾಬರ್ಟ್ ಆಡಂ ಎಂಬ ವಾಸ್ತುಶಿಲ್ಪಿ ಒಳಗೆಲ್ಲ ಹಳೇ ರೋಮಿನ ಮಾದರಿಯಲ್ಲಿ ಹೊಸದು ಮಾಡಿಕೊಟ್ಟ. ಪೇಟೆಯೊಳಗೆ ಚೈಲ್ಡ್ ಮನೆತನದವರಿಗೆ ಬೇರೆ ಮನೆ ಇತ್ತು. ಇದು ದೊಡ್ಡವರನ್ನು ಕರೆಸಿ ಉಪಚರಿಸುವುದಕ್ಕೆ.

ಹಾಗಾಗಿ ತುಳುನಾಡಿನ 'ಗುತ್ತಿನ ಮನೆ' ಹೊಂದುವುದಿಲ್ಲ. ಗುತ್ತು ಅಂದರೆ ಊರಿನ ಯಜಮಾನಿಕೆ, ದೈವದ ಕಾರ್ಯ ಎಲ್ಲ ಬರುತ್ತದೆ. ಚೈಲ್ಡ್ ಮನೆತನದವರದು ದುಡ್ಡು ಕೊಟ್ಟು ಕೊಂಡ ದೊಡ್ಡಸ್ತಿಕೆ. 'ವಾಡೆ' ಅಂದರೆ ದೇಸಾಯರ ದರ್ಬಾರು ಕಣ್ಣಿಗೆ ಬರುತ್ತದೆ. 'ಬಂಗಲೆ' ತೀರಾ ಚಿಕ್ಕದು. ಪ್ರವಾಸಿ ಬಂಗಲೆ ಎಂದೇ ನೆನಪಾಗುತ್ತದೆ, ಅಲ್ವಾ?

'ತೊಟ್ಟಿಮನೆ' ಅನ್ನೋಣ ಅನಿಸಿತ್ತು. ನಾಲ್ಕೂ ಕಡೆ ಕಟ್ಟಡ, ನಡುವೆ ತೆರೆದ ಅಂಗಳ ಇದೆ. ಆದರೆ ಮೆಟ್ಟಿಲು ಹತ್ತಿ, ಎರಡು ಸಾಲು ಕಂಬಗಳ ನಡುವೆ ಹಾದು ಆ ಅಂಗಳಕ್ಕೆ ಹೋಗಬೇಕು. ಅಂದರೆ ಅಂಗಳವೇ ಒಂದಾಳು ಎತ್ತರದಲ್ಲಿದೆ. ತಗ್ಗಾಗಿದ್ದು ಮಳೆನೀರು ಬೀಳುವುದಕ್ಕೇ ತೊಟ್ಟಿ ಅನ್ನುವುದು. ಎತ್ತರದ ತೊಟ್ಟಿ ನನ್ನ ಕಿವಿಗೆ ಒಗ್ಗಲಿಲ್ಲ. ಆ ಕಂಬಸಾಲಿಗೆ ಮಾತ್ರ 'ಮೊಗಸಾಲೆ' ಚೆನ್ನಾಗಿ ಕೂರುತ್ತದೆ.

ಒಳಗಿನ ಮೊದಲ ಹಜಾರ ನೋಡಿ ಅಮ್ಮ ನಿಂತೇಬಿಟ್ಟರು. ಮೇಲೆ ಮುಚ್ಚಿಗೆಯಲ್ಲಿ ಬಿಳಿ ಗಾರೆಯಲ್ಲಿ ಎಬ್ಬಿಸಿದ ಬಳ್ಳಿ, ಪಟ್ಟಿ. ಕೆಳಗೆ ಅಮೃತಶಿಲೆಯ ನೆಲದಲ್ಲೂ ಅದೇ ವಿನ್ಯಾಸ. "ಮೇಲಿನ ರಂಗೋಲಿ ಕೆಳಗೆ ಬಿದ್ದ ಹಾಗಿದೆ" ಎಂದರು. ಈ ಕೆಲಸಕ್ಕೆ ನನಗೆ 'ಗಾರೆ ಕೆಲಸ' ಅನ್ನುವ ಆಸೆ. ನಮ್ಮ ದೇವಸ್ಥಾನದ ಗೋಪುರದ ಗೊಂಬೆಗಳೂ ಗಾರೆಯವೇ. ಈಗ ಗಾರೆ ಕೆಲಸ ಅಂದರೆ ಜನ ಗೋಡೆ ಕಟ್ಟುವುದು ಅಂದುಕೊಳ್ಳುತ್ತಾರೆ. 'ಗಾರೆ ಚಿತ್ತಾರ' ಅಂದರೆ ಸರಿಹೋಗಬಹುದೇ?

ಒಂದು ಕೋಣೆಗಂತೂ ಸುಲಭವಾಗಿ ಹೆಸರು ಸಿಕ್ಕಿತು. ಈಟಿಂಗ್ ರೂಮ್. ಅದು 'ಊಟದ ಮನೆ'. ಅಡುಗೆಮನೆ, ದೇವರಮನೆ, ಬಚ್ಚಲುಮನೆ ಅನ್ನುವ ನಮಗೆ ಮನೆಯೊಳಗೆ ಇನ್ನೊಂದು ಮನೆ ಹೊಸತಲ್ಲ. ಅಲ್ಲಿ ನಡುವೆ ಮೇಜೇ ಇರುತ್ತಿರಲಿಲ್ಲ. ಕುರ್ಚಿಗಳು ಗೋಡೆಗುಂಟ. ಊಟದ ಹೊತ್ತಿಗೆ ಮಡಿಸುವ ಮೇಜು ತಂದು ಹಾಕಿ, ಆಮೇಲೆ ಒಯ್ಯುತ್ತಿದ್ದರು. ಎಲೆ ಹಾಸಿ, ಎತ್ತಿ, ನೆಲ ಸಾರಿಸುತ್ತಿದ್ದ ನಮ್ಮ ನಡುಮನೆ ನೆನಪಾಯಿತು.

ಹೆಸರು ತಪ್ಪಿದರೂ ಉಳಿದುಬಿಡುತ್ತದೆ ಎಂಬುದಕ್ಕೂ ಅಲ್ಲೇ ಒಂದು ಉದಾಹರಣೆ ಇದೆ: ಎಟ್ರಸ್ಕನ್ ಕೋಣೆ. ಇಟಲಿಯ ನೆಲದಲ್ಲಿ ಸಿಕ್ಕ ಚಿತ್ರದ ಮಡಕೆಗಳನ್ನು ನೋಡಿ ಆ ಕೋಣೆಗೆ ಅವುಗಳ ಬಣ್ಣವನ್ನೇ ಹಾಕಿಸಿದ್ದು. ಆ ಮಡಕೆಗಳು ಎಟ್ರಸ್ಕನರವು, ಅಂದರೆ ರೋಮನ್ನರಿಗಿಂತ ಮೊದಲು ಇಟಲಿಯಲ್ಲಿದ್ದ ಜನರವು ಅಂತ ಆಗ ನಂಬಿದ್ದರು. ಹೆಚ್ಚಿನವು ಗ್ರೀಕರವು ಅಂತ ಆಮೇಲೆ ತಿಳಿಯಿತು. ಹೆಸರು ಮಾತ್ರ ಬದಲಾಗಲಿಲ್ಲ.

ವಾಪಸ್ ಬರುವಾಗ ಅಮ್ಮನೇ ಹೇಳಿದರು: "ಸಾಹುಕಾರ್ರ ತೋಟದ ಮಹಲು ಅನ್ನು, ಅಷ್ಟೇ." ನನಗೆ ಇದು ಹಿಡಿಸಿದೆ. 'ಮಹಲು' ಅಂದಾಗ ವೈಭವ ಬಂತು, 'ತೋಟದ' ಅಂದಾಗ ಊರಾಚೆ ಎಂಬುದೂ ಬಂತು. ಆದರೆ ತೋಟ ಅಂದರೆ ಮಲೆನಾಡಿನವರಿಗೆ ಅಡಿಕೆ, ಕಾಫಿ. ಅವರಿಗೆ ಇದು ಹೇಗೆ ಕೇಳಿಸುತ್ತದೆ? ಪೇಟೆಯ ವ್ಯಾಪಾರಿ ಊರ ಹೊರಗೆ ಕಟ್ಟಿಸಿದ ದೊಡ್ಡ ಮನೆಗೆ ಧಾರವಾಡ, ಬಳ್ಳಾರಿ ಕಡೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ನಿಮ್ಮ ಮನೆಯ ಹಿರಿಯರು ಬಳಸಿದ್ದನ್ನು ಕೇಳಿದ್ದರೆ ಯಾವ ಊರು ಅಂತಲೂ ಬರೆಯಿರಿ.