ಸಹಾಯ ಬೇಕು: 1985ರ ಪೋರ್ಷೆ 911ರ ಕ್ಲಚ್ ಪೆಡಲ್ ತುಂಬಾ ಬಿಗಿ

ನಮಸ್ಕಾರ. ನನ್ನ ಕಾರು 1985ರ ಪೋರ್ಷೆ 911 ಕರೆರಾ 3.2. ಇದರ 915 ಮಾದರಿಯ ಗೇರ್‌ಬಾಕ್ಸ್‌ಗೆ ಇರುವುದು ಕೇಬಲ್ ಕ್ಲಚ್, ಅಂದರೆ ಪೆಡಲ್ ಒತ್ತಿದಾಗ ಉಕ್ಕಿನ ತಂತಿ ಎಳೆದು ಕ್ಲಚ್ ಬಿಡಿಸುತ್ತದೆ. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಬಂದದ್ದು 1987ರ ಮಾದರಿಯ ಜಿ50 ಗೇರ್‌ಬಾಕ್ಸ್‌ನೊಂದಿಗೆ. ಕೆಲವು ತಿಂಗಳುಗಳಿಂದ ಪೆಡಲ್ ಬಿಗಿಯಾಗುತ್ತಲೇ ಬಂದಿದೆ. ಒತ್ತಿದರೆ ಮೊದಲಿಗೆ ಸಲೀಸಾಗಿ ಇಳಿದು, ಮಧ್ಯದಲ್ಲಿ ಗಟ್ಟಿಯಾಗಿ ತಡೆದು, ಕಾಲು ತೆಗೆದಾಗ ಸಣ್ಣಗೆ ಕಿರುಗುಟ್ಟುತ್ತ ನಿಧಾನವಾಗಿ ಮೇಲೇಳುತ್ತದೆ. ಆದರೆ ಗೇರ್ ಸರಿಯಾಗಿ ಬೀಳುತ್ತದೆ, ಕ್ಲಚ್ ಜಾರುವುದೂ ಇಲ್ಲ.

ಪೆಡಲ್‌ನ ಸವೆದ ಪ್ಲಾಸ್ಟಿಕ್ ಬುಷ್‌ಗಳನ್ನು (ಪೆಡಲ್ ತಿರುಗುವ ಜಾಗದ ಬಳೆಗಳನ್ನು) ತೆಗೆಸಿ ಕಂಚಿನವನ್ನು ಹಾಕಿಸಿದ್ದೇನೆ. ಕೇಬಲ್ ಕೂಡ ಹೊಸದು. ಇಷ್ಟಾದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗೇರ್‌ಬಾಕ್ಸ್ ತುದಿಯಲ್ಲಿ ಕೇಬಲ್ ಕಳಚಿದಾಗ ಪೆಡಲ್ ಹಗುರವಾಗಿ ಆಡುತ್ತದೆ, ಆದ್ದರಿಂದ ತೊಂದರೆ ಹಿಂಭಾಗದಲ್ಲೇ, ಗೇರ್‌ಬಾಕ್ಸ್ ಕಡೆಯೇ ಇದೆ ಎಂದು ನನ್ನ ನಂಬಿಕೆ.

ನಾನು ಸಿಕ್ಕಿಬಿದ್ದಿರುವುದು ಇಲ್ಲಿ. ಕ್ಲಚ್ ಡಿಸ್ಕ್ ಸವೆದಂತೆ ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್‌ನ ಸ್ಪ್ರಿಂಗ್ ಕೋನ ಬದಲಾಗಿ ಪೆಡಲ್ ಭಾರವಾಗುವುದುಂಟು. ಆ ಸ್ಪ್ರಿಂಗನ್ನು ಒತ್ತಿ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ತಾನು ಜಾರುವ ಗೈಡ್ ಟ್ಯೂಬ್ ಮೇಲೆ ಒಣಗಿ ಹಿಡಿದುಕೊಂಡರೂ, ಬೇರಿಂಗನ್ನು ತಳ್ಳುವ ಫೋರ್ಕ್‌ನ ಶಾಫ್ಟ್ ತುಕ್ಕು ಹಿಡಿದರೂ, ಪೆಡಲ್ ಹಗುರ ಮಾಡಲು ಗೇರ್‌ಬಾಕ್ಸ್ ಮೇಲಿರುವ ಸಹಾಯಕ ಸ್ಪ್ರಿಂಗ್ ಸೋತರೂ ಕಾಲಿಗೆ ಹೆಚ್ಚುಕಡಿಮೆ ಇದೇ ಅನುಭವವಾಗುತ್ತದೆ. ಇವುಗಳಲ್ಲಿ ಸಹಾಯಕ ಸ್ಪ್ರಿಂಗ್ ಒಂದನ್ನು ಹೊರಗಿನಿಂದಲೇ ಬದಲಿಸಬಹುದು, ಉಳಿದವಕ್ಕೆ ಎಂಜಿನ್ ಇಳಿಸಲೇಬೇಕು, ಅದು ದೊಡ್ಡ ಖರ್ಚಿನ ಕೆಲಸ.

ಎಂಜಿನ್ ಇಳಿಸುವ ಮೊದಲೇ, ದೋಷ ಸಹಾಯಕ ಸ್ಪ್ರಿಂಗ್‌ನದೋ ಒಳಗಿನ ಭಾಗಗಳದೋ ಎಂದು ಖಚಿತಪಡಿಸಿಕೊಳ್ಳಲು ಯಾವ ಪರೀಕ್ಷೆ ಮಾಡಬೇಕು? ಈ ಗೇರ್‌ಬಾಕ್ಸ್‌ನಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.